ಗಾದೆಯ ಮೇಲೊಂದು ಲೂಪ್

ಅಕ್ಕನ ಮಗಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೇನೆ. ಅಭ್ಯಾಸಕ್ಕೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನೇ ಕೊಟ್ಟೆ. ವಾಕ್ಯವನ್ನು ತುಂಡರಿಸುವ ಸ್ಪ್ಲಿಟ್ ಎಂಬ ಆಜ್ಞೆ ಅದನ್ನು ನಾಲ್ಕು ಪದಗಳ ಪಟ್ಟಿ ಮಾಡಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಲೂಪ್ ಒಂದೊಂದನ್ನೇ ಎತ್ತಿ ಸಾಲಿಗೊಂದರಂತೆ ಮುದ್ರಿಸಿತು. (ಆವರಣದಲ್ಲಿ ಏನನ್ನೂ ಕೊಡದೆ ಸ್ಪ್ಲಿಟ್ ಕರೆದರೆ ಪದಗಳ ನಡುವೆ ಎಷ್ಟು ಖಾಲಿ ಜಾಗವಿದ್ದರೂ ಒಂದೇ ಎಂದು ಎಣಿಸುತ್ತದೆ. ಒಂದು ಖಾಲಿ ಜಾಗವನ್ನೇ ಗುರುತಾಗಿ ಕೊಟ್ಟರೆ, ಎರಡು ಜಾಗ ಬಿಟ್ಟಲ್ಲೆಲ್ಲ ಪಟ್ಟಿಯೊಳಗೆ ಖಾಲಿ ತುಣುಕೊಂದು ಸೇರಿಕೊಳ್ಳುತ್ತದೆ. ಕಲಿಯುವವರಿಗೆ ಇದನ್ನು ಮೊದಲೇ ಹೇಳಬೇಕು.)

ಆಮೇಲೆ ಅವಳು ‘ಕೈ’ ಎಂಬುದರ ಮೇಲೆಯೇ ಲೂಪ್ ಓಡಿಸಿದಳು. ‘ಕ’ ಒಂದು ಸಾಲಿನಲ್ಲಿ ಬಂತು, ಐತ್ವದ ಚಿಹ್ನೆ ಇನ್ನೊಂದರಲ್ಲಿ.

“ಇದು ತಪ್ಪಲ್ಲವೇ ಚಿಕ್ಕಮ್ಮಾ?”

ತಪ್ಪಲ್ಲ. ಲಿಪಿಚಿಹ್ನೆಗಳಿಗೆ ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಾದ ಯುನಿಕೋಡ್‌ನಲ್ಲಿ ವ್ಯಂಜನಕ್ಕೂ ಸ್ವರಚಿಹ್ನೆಗೂ ಬೇರೆ ಬೇರೆ ಸಂಖ್ಯೆಗಳಿವೆ. ಪೈಥಾನ್ ಎಣಿಸುವುದು ಅವುಗಳನ್ನು, ನಾವು ಓದುವ ಅಕ್ಷರಗಳನ್ನಲ್ಲ. ಒತ್ತಕ್ಷರದೊಳಗಿನ ಹಲಂತವೂ (ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆ) ಪ್ರತ್ಯೇಕ. ಕಾಗುಣಿತ ಬಲ್ಲ ಅವಳಿಗೆ ಇದು ಹೇಳುವಷ್ಟರಲ್ಲೇ ಹೊಳೆಯಿತು; ನನಗೆ ಹೇಳಲಾಗದಷ್ಟು ಸಂತೋಷವಾಯಿತು. ನಮ್ಮ ಮಕ್ಕಳ ಮೊದಲ ಲೂಪ್ ಕನ್ನಡ ಪದಗಳ ಮೇಲೆಯೇ ಓಡಲಿ ಎಂಬುದು ನನ್ನ ಆಸೆ. ಸದ್ಯ ಅವಳು, ಬೇರೆಯಾದ ಚಿಹ್ನೆಗಳನ್ನು ಅವುಗಳ ವ್ಯಂಜನಕ್ಕೆ ಮರಳಿ ಸೇರಿಸುವ ಲೂಪ್ ಬರೆಯುತ್ತಿದ್ದಾಳೆ.