ಬಾಬಾ ಹಾಕಿದ ಐದು ಲೀಟರ್ ಪೆಟ್ರೋಲ್

ಲಾಗೋಸ್ ಅಷ್ಟು ಸುಮ್ಮನಿದ್ದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ. ಹಳದಿ ಡಾನ್ಫೊ ವ್ಯಾನುಗಳಿಲ್ಲ. 'ಕೆಕೆ' ಅಂತ ಅವರು ಕರೆಯುವ ನಮ್ಮ ಬಜಾಜ್ ಆಟೋಗಳೂ ಇಲ್ಲ. 2023ರ ಫೆಬ್ರವರಿ 25, ಶನಿವಾರ. ನೈಜೀರಿಯಾದಲ್ಲಿ ಅಧ್ಯಕ್ಷರ ಚುನಾವಣೆ, ಸಂಜೆವರೆಗೆ ಗಾಡಿ ಓಡಿಸುವ ಹಾಗಿಲ್ಲ. ಇಲುಪೆಜುವಿನ ನಮ್ಮ ರಸ್ತೆಯಲ್ಲಿ ಹುಡುಗರು ಎರಡೆರಡು ಕಲ್ಲಿಟ್ಟು ಗೋಲು ಮಾಡಿಕೊಂಡು ಫುಟ್‌ಬಾಲ್ ಆಡುತ್ತಿದ್ದರು.

ನಾನು ಅಲ್ಲೊಂದು ಪ್ಲಾಸ್ಟಿಕ್ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹಿಂದಿನ ದಿನವೇ ಆಫೀಸಿನಿಂದ ಮೆಸೇಜ್ ಬಂದಿತ್ತು. ಗೇಟ್ ದಾಟಬೇಡಿ, ಎರಡು ದಿನಕ್ಕಾಗುವಷ್ಟು ದಿನಸಿ ಇಟ್ಟುಕೊಳ್ಳಿ, ಯಾರ ಹತ್ತಿರವೂ ರಾಜಕೀಯ ಮಾತಾಡಬೇಡಿ. ದಿನಸಿ ಇತ್ತು. ಇಲ್ಲದೆ ಇದ್ದದ್ದು ದುಡ್ಡು.

ಅಕೌಂಟಲ್ಲಿ ಇತ್ತು, ಕೈಯಲ್ಲಿ ಇರಲಿಲ್ಲ. ಚುನಾವಣೆ ಎರಡು ವಾರ ಇರುವಾಗ 500 ಮತ್ತು 1000ದ ಹಳೇ ನೈರಾ ನೋಟು ನಿಂತುಹೋಗಿದ್ದವು. ಬಣ್ಣ ಬದಲಿಸಿದ ಹೊಸ ನೋಟು ಬ್ಯಾಂಕಿನಲ್ಲೂ ಸಿಗುತ್ತಿರಲಿಲ್ಲ. ಓಟು ಕೊಳ್ಳುವವರಿಗೂ, ಜನರನ್ನು ಹೊತ್ತೊಯ್ದು ದುಡ್ಡು ಕೇಳುವವರಿಗೂ ಕಡಿವಾಣ ಹಾಕಲು ಅಂತ ಸರ್ಕಾರದ ಮಾತು. ಕಡಿವಾಣ ಬಿದ್ದದ್ದು ಟೊಮೆಟೊ ಮಾರುವ ಹೆಂಗಸರಿಗೆ. ರಸ್ತೆ ಬದಿ ಕಾರ್ಡ್ ಉಜ್ಜುವ ಪಿಒಎಸ್ ಮೆಷಿನ್ ಇಟ್ಟುಕೊಂಡ ಹುಡುಗಿಗೆ ನಾನು 6,000 ಟ್ರಾನ್ಸ್‌ಫರ್ ಮಾಡಿ 5,000 ನಗದು ಈಸಿಕೊಂಡಿದ್ದೆ. ದುಡ್ಡು ಕೊಟ್ಟು ದುಡ್ಡು ಕೊಳ್ಳುವುದು! 2016ರ ನವೆಂಬರ್‌ನಲ್ಲಿ ಮೈಸೂರಿನ ಎಟಿಎಂ ಮುಂದೆ ಕ್ಯೂ ನಿಂತಿದ್ದವನು ನಾನು. ಒಂದೇ ಜನ್ಮದಲ್ಲಿ ಎರಡು ದೇಶದ ನೋಟ್ ಬ್ಯಾನ್ ನೋಡುವ ಯೋಗ ಎಷ್ಟು ಜನಕ್ಕಿರುತ್ತದೆ ಹೇಳಿ.

ಪೆಟ್ರೋಲ್ ಕಥೆಯೂ ಹೀಗೇ. ನೆಲ ಅಗೆದರೆ ಎಣ್ಣೆ ಸಿಗುವ ದೇಶ. ಹೊರದೇಶಕ್ಕೆ ಮಾರಿ ಬರುವ ಗಳಿಕೆಯಲ್ಲಿ ಬಹುಪಾಲು ಕಚ್ಚಾ ತೈಲದ್ದೇ, ಇಂಡಿಯಾ ಕೂಡ ಕೊಳ್ಳುತ್ತದೆ. ಆದರೆ ಪೋರ್ಟ್ ಹಾರ್ಕೋರ್ಟ್, ವಾರಿ, ಕಡೂನಾದ ಸರ್ಕಾರಿ ರಿಫೈನರಿಗಳು ಆಗ ಮಲಗಿದ್ದವು. ಹಾಗಾಗಿ ಪೆಟ್ರೋಲ್ ಹೊರಗಿನಿಂದ ಬರಬೇಕಿತ್ತು. ಬಂಕಿನಲ್ಲಿ ಅರ್ಧ ದಿನ ನಿಲ್ಲಬೇಕಿತ್ತು, ಇಲ್ಲ ಕ್ಯಾನಿನಲ್ಲಿ ಬ್ಲ್ಯಾಕ್‌ಗೆ ಕೊಳ್ಳಬೇಕಿತ್ತು.

ನಮ್ಮ ಗೇಟಿನ ಎದುರಿಗೇ, ಕಾಡುಬಾದಾಮಿ ಮರದ ಕೆಳಗೆ ಮತಗಟ್ಟೆ. ಎಂಟೂವರೆಗೆ ಶುರುವಾಗಬೇಕಿತ್ತು. ಅಧಿಕಾರಿಗಳು ಬಂದಾಗ ಹನ್ನೊಂದು ದಾಟಿತ್ತು. ಅಷ್ಟರಲ್ಲಿ ಜನರೇ ನೋಟ್‌ಬುಕ್ಕಿನ ಹಾಳೆ ಹರಿದು, ಬಂದವರ ಹೆಸರನ್ನು ಸಾಲಾಗಿ ಬರೆದಿಟ್ಟುಕೊಂಡಿದ್ದರು. ಬಾಲ್ಕನಿಯಿಂದ ನೋಡುತ್ತಾ ನಾನು ಚಿತ್ರಾನ್ನ ತಿಂದು ಮುಗಿಸಿದೆ, ಕ್ಯೂ ಕದಲಲಿಲ್ಲ. 18 ಪಕ್ಷಗಳ ಉದ್ದನೆಯ ಚೀಟಿ, ಅದರ ಮೇಲೆ ಹೆಬ್ಬೆಟ್ಟು. ಮುಖ್ಯ ಸ್ಪರ್ಧಿಗಳಲ್ಲಿ ಟಿನುಬು ಅವರ ಪಕ್ಷದ್ದು ಪೊರಕೆ, ಅಟಿಕು ಅವರದ್ದು ಕೊಡೆ. ಪೀಟರ್ ಓಬಿಯ ಲೇಬರ್ ಪಕ್ಷಕ್ಕೆ ಅಪ್ಪ, ಅಮ್ಮ, ಮಗು. (ಪೊರಕೆ ಅಂದರೆ ನಮಗೆ ಬೇರೆ ಪಕ್ಷ ನೆನಪಾಗುತ್ತೆ, ಅಲ್ವಾ?)

ಮಧ್ಯಾಹ್ನ ನಮ್ಮ ಡ್ರೈವರ್ ಮುಶಿನ್‌ನಲ್ಲಿ ಓಟು ಹಾಕಿ ನಡೆದೇ ಬಂದ. ಮೊದಲ ಓಟು, ಓಬಿಗೆ. ಉಗುರಿನ ಮಸಿ ತೋರಿಸಿದ. ಇಂಥ ಶಾಯಿ ಮಾಡುವ ಕಾರ್ಖಾನೆ ನಮ್ಮ ಮೈಸೂರಲ್ಲಿದೆ, ನಿಮ್ಮ ದೇಶಕ್ಕೂ ಹಿಂದೆ ಹೋಗಿದೆ ಅಂದೆ.

"ಹಾಗಾದ್ರೆ ಓಗಾ, ಪೆಟ್ರೋಲೂ ಅಲ್ಲಿಂದಲೇ ತರಿಸಿಬಿಡಿ" ಅಂದ. ಓಗಾ ಅಂದರೆ ಅಲ್ಲಿ ಸಾಹೇಬ್ರು ಅಂತ.

ಗೇಟ್ ಕಾಯುವ ಮೈಗಾರ್ಡ್‌ಗೆ ಓಟಿರಲಿಲ್ಲ. ವಯಸ್ಸಾದವರು, ಎಲ್ಲರಿಗೂ ಅವರು ಬಾಬಾ. ಉತ್ತರದ ಕಟ್ಸಿನಾ ಕಡೆಯವರು, ಆಗ ಅಧ್ಯಕ್ಷರಾಗಿದ್ದ ಬುಹಾರಿಯವರ ರಾಜ್ಯ. ಹೆಸರು ಎಲ್ಲಿ ನೋಂದಾಯಿಸಿದೆಯೋ ಅಲ್ಲೇ ಓಟು ಹಾಕಬೇಕು. ಊರಿಗೆ ಹೋಗಲು ದುಡ್ಡಿಲ್ಲ, ದಾರಿಯಲ್ಲಿ ಬಂದೂಕಿನವರ ಭಯ. ಬಿತ್ತನೆ ಮಾಡಬೇಕಾದರೂ ಅವರಿಗೆ ಕಪ್ಪ ಕೊಡಬೇಕು ಅಂತ ಬಾಬಾ ಒಮ್ಮೆ ಹೇಳಿದ್ದರು, ಮಳೆ ಬಂತು ಅನ್ನುವಷ್ಟು ಸಲೀಸಾಗಿ.

ಕತ್ತಲಾಗುವಾಗ ಎಣಿಕೆ ಶುರುವಾಯಿತು. ಅಲ್ಲಿ ಎಣಿಕೆ ಮತಗಟ್ಟೆಯಲ್ಲೇ, ಎಲ್ಲರ ಕಣ್ಣೆದುರು. ಕರೆಂಟ್ ಇಲ್ಲ. ನಮ್ಮ ಬಿಲ್ಡಿಂಗಿನ ದೊಡ್ಡ ಜನರೇಟರ್‌ಗೆ ಎರಡು ದಿನದಿಂದ ಡೀಸೆಲ್ ಬಂದಿರಲಿಲ್ಲ. ಬಾಬಾ ಮೇಲೆ ಬಂದರು.

"ಓಗಾ, ಲೈಟ್ ಕೇಳ್ತಿದ್ದಾರೆ. ವೈರ್ ಇದ್ಯಾ?"

ಜೊತೆಗಿದ್ದ ಗುಜರಾತಿ ಸಹೋದ್ಯೋಗಿ ಬೇಡ ಬೇಡ ಅಂದ. ನಮಗ್ಯಾಕೆ ಈ ಉಸಾಬರಿ, ನಾಳೆ ಯಾರಾದರೂ ಇವರು ಇಂಥವರ ಕಡೆ ಅಂದರೆ? ಅವನು ಹೇಳಿದ್ದು ತಪ್ಪಲ್ಲ. ಆದರೂ ಇಸ್ತ್ರಿಗೆ ಬಳಸುವ ಉದ್ದನೆಯ ಎಕ್ಸ್‌ಟೆನ್ಶನ್ ಬಾಕ್ಸ್ ತೆಗೆದುಕೊಟ್ಟೆ.

ಬಾಬಾ ಹತ್ತಿರ ಒಂದು ಪುಟ್ಟ ಜನರೇಟರ್ ಇತ್ತು. 'ಐ ಬೆಟರ್ ಪಾಸ್ ಮೈ ನೇಬರ್' ಅಂತ ಅದಕ್ಕೆ ಅಲ್ಲಿ ಅಡ್ಡಹೆಸರು. ಪಕ್ಕದ ಮನೆಯವನಿಗಿಂತ ನಾನೇ ವಾಸಿ ಅಂತ! ಜನರ ಮೊಬೈಲ್ ಚಾರ್ಜ್ ಮಾಡಿಕೊಟ್ಟು ನಾಲ್ಕು ಕಾಸು ನೋಡಲು ಐದು ಲೀಟರ್ ಪೆಟ್ರೋಲ್ ಬ್ಲ್ಯಾಕ್‌ನಲ್ಲಿ ತಂದಿಟ್ಟಿದ್ದರು. ಅದನ್ನೇ ಸುರಿದರು.

"ಬಾಬಾ, ಇಲ್ಲಿ ನಿಮ್ಮ ಓಟೇ ಇಲ್ಲವಲ್ಲ."

"ಪೆಟ್ರೋಲ್ ಇದೆಯಲ್ಲ" ಅಂದರು.

ಗೇಟಿನ ಮೇಲಿಂದ ವೈರ್ ಹೋಯಿತು, ಮರದ ಕೊಂಬೆಗೆ ಬಲ್ಬು. ಪದವಿ ಮುಗಿಸಿ ಒಂದು ವರ್ಷದ ರಾಷ್ಟ್ರಸೇವೆಗೆ ಬಂದಿದ್ದ ಇಪ್ಪತ್ತೆರಡರ ಆಸುಪಾಸಿನ ಹುಡುಗಿ ಒಂದೊಂದೇ ಚೀಟಿ ಎತ್ತಿ ಹಿಡಿಯುತ್ತಿದ್ದಳು. ಜನ ಒಟ್ಟಿಗೆ ಎಣಿಸುತ್ತಿದ್ದರು, ನಮ್ಮಲ್ಲಿ ಮಕ್ಕಳು ಮಗ್ಗಿ ಹೇಳುವ ಹಾಗೆ. ಒಂದು ಚೀಟಿಯಲ್ಲಿ ಹೆಬ್ಬೆಟ್ಟು ಎರಡು ಮನೆಗೂ ತಾಗಿತ್ತು. ಅದರ ಮೇಲೆ ಹತ್ತು ನಿಮಿಷ ಜಗಳ. ಕೊನೆಗೆ ಅನೂರ್ಜಿತ. ಅಷ್ಟು ಹೊತ್ತೂ ಬಾಬಾ ನೋಡುತ್ತಿದ್ದದ್ದು ಟ್ಯಾಂಕಿನ ಮುಚ್ಚಳವನ್ನೇ.

ಫಲಿತಾಂಶದ ಹಾಳೆ ತುಂಬುವಾಗ ಜನರೇಟರ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಮೊಬೈಲ್ ಟಾರ್ಚುಗಳು ಮೇಲೆದ್ದವು. ಹಾಳೆಯ ಫೋಟೋ ತೆಗೆದು ಅಲ್ಲಿಂದಲೇ ಆಯೋಗದ ಪೋರ್ಟಲ್‌ಗೆ ಕಳಿಸಬೇಕಿತ್ತು. ಆ ಹುಡುಗಿ ಮೆಷಿನ್ ಒತ್ತಿದಳು, ಒತ್ತಿದಳು. ಅವತ್ತೇ ನಡೆದ ಸೆನೆಟ್ ಚುನಾವಣೆಯದ್ದು ಹೋಯಿತು, ಅಧ್ಯಕ್ಷರದ್ದು ಹೋಗಲಿಲ್ಲ. ದೇಶದ ತುಂಬಾ ಅವತ್ತು ಇದೇ ಪಾಡು. ಆ ಪೋರ್ಟಲ್ ಮೇಲಿದ್ದ ನಂಬಿಕೆಯೇ ಎಷ್ಟೋ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿತ್ತು. ಅದು ಕೈಕೊಟ್ಟದ್ದು ಸಣ್ಣ ಮಾತಲ್ಲ.

ಮಾರ್ಚ್ 1ರ ಬೆಳಗಿನ ಜಾವ ಟಿನುಬು ಗೆದ್ದರು ಅಂತ ಘೋಷಣೆಯಾಯಿತು. ಸುಮಾರು 88 ಲಕ್ಷ ಓಟು. ಪಟ್ಟಿಯಲ್ಲಿದ್ದವರು 9 ಕೋಟಿ 30 ಲಕ್ಷಕ್ಕೂ ಜಾಸ್ತಿ, ಹಾಕಿದವರು ಎರಡೂವರೆ ಕೋಟಿ. ಟಿನುಬು ಅವರದ್ದೇ ಕೋಟೆಯಾದ ಲಾಗೋಸ್‌ನಲ್ಲಿ ಓಬಿ ಹತ್ತು ಸಾವಿರದೊಳಗಿನ ಅಂತರದಲ್ಲಿ ಮುಂದಿದ್ದರು. ಅವತ್ತು ಡ್ರೈವರ್ ಕಾರಿನ ರೇಡಿಯೋ ಹಾಕಲಿಲ್ಲ, ನಾನೂ ಕೇಳಲಿಲ್ಲ.

ಬಾಬಾ ಪೆಟ್ರೋಲಿನ ಬಾಕಿ ಮಾತ್ರ ಹಾಗೇ ಇತ್ತು. ಅವರಿಗೆ ಬ್ಯಾಂಕ್ ಅಕೌಂಟ್ ಇಲ್ಲ, ನನ್ನ ಹತ್ತಿರ ನೋಟಿಲ್ಲ. ಮಾರ್ಚ್ 3ಕ್ಕೆ ಸುಪ್ರೀಂ ಕೋರ್ಟ್, ಹಳೇ ನೋಟು ಡಿಸೆಂಬರ್ 31ರವರೆಗೂ ನಡೆಯುತ್ತವೆ ಅಂದಿತು. ಬ್ಯಾಂಕಿಗೆ ಕಟ್ಟಲು ಮರೆತು ಪಾಸ್‌ಪೋರ್ಟ್ ಕವರಿನಲ್ಲಿ ಉಳಿದಿದ್ದ ಸಾವಿರದ ಮೂರು ಹಳೇ ನೋಟು ತೆಗೆದುಕೊಂಡು ಖುಷಿಯಿಂದ ಕೆಳಗೆ ಓಡಿದೆ.

ಬಾಬಾ ಅವನ್ನು ತಿರುಗಿಸಿ ನೋಡಿ ನನ್ನ ಜೇಬಿಗೇ ತುರುಕಿದರು.

"ಕೋರ್ಟ್ ತಗೊಳ್ಳುತ್ತಂತೆ ಓಗಾ. ಆ ಮೂಲೆಯಲ್ಲಿ ಸುಯಾ ಮಾಂಸ ಸುಡ್ತಾನಲ್ಲ, ಅವನು ತಗೊಂಡ ದಿನ ಕೊಡಿ."