ಓಹಿಯೋದಿಂದ ಬಂದದ್ದು, ಮೈಸೂರಿನಿಂದ ಹೋದದ್ದು

ಮೈಸೂರಿನ ನಮ್ಮ ಪ್ರಾದೇಶಿಕ ಶಿಕ್ಷಣ ಕಾಲೇಜಿನ ಹಾಸ್ಟೆಲ್ಲು, ಮೆಸ್ಸಿನ ಸಾರು, ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ಸಂಜೆಯ ನಡಿಗೆ, ಇವುಗಳ ಬಗ್ಗೆ ನನ್ನ ಬ್ಯಾಚಿನವರು ಈ ಪತ್ರಿಕೆಯಲ್ಲಿ ಆಗಲೇ ಸೊಗಸಾಗಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಕಾಲೇಜಿನ ಪಾಯದಲ್ಲಿರುವ ಒಂದು ಸಂಗತಿಯನ್ನು. ಈಗ ಓದುತ್ತಿರುವ ಮಕ್ಕಳಿಗೆ ಅದು ಕಣ್ಣಿಗೆ ಬೀಳುವುದಿಲ್ಲ.

1960ರ ದಶಕದ ಆರಂಭದಲ್ಲಿ ಶಾಲಾ ಶಿಕ್ಷಣದ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನದು ಶುರುವಾದದ್ದು 1963ರಲ್ಲಿ. ಈ ನಾಲ್ಕಕ್ಕೂ ಪಠ್ಯಕ್ರಮ ರೂಪಿಸುವುದರಲ್ಲಿ, ಅಧ್ಯಾಪಕರನ್ನು ತಯಾರು ಮಾಡುವುದರಲ್ಲಿ ನೆರವಾದದ್ದು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ. ನಾನು ಆ ಅಮೆರಿಕನ್ ಪ್ರಾಧ್ಯಾಪಕರನ್ನು ಕಂಡವಳಲ್ಲ. ಅವರ ಜೊತೆ ಕೆಲಸ ಮಾಡಿದ್ದ ನಮ್ಮ ಮೇಷ್ಟರುಗಳ ಬಾಯಲ್ಲಿ ಮಾತ್ರ ಕೇಳಿದ್ದೇನೆ. ಆದರೆ ನಾನು 1969ರಲ್ಲಿ ಬಿಎಸ್ಸಿ ಎಡ್‌ಗೆ ಸೇರಿದಾಗ ಅವರು ಕೂಡಿ ಕಟ್ಟಿದ್ದ ವ್ಯವಸ್ಥೆ ಪೂರ್ತಿ ಚಾಲ್ತಿಯಲ್ಲಿತ್ತು. ಮೊದಲು ಡಿಗ್ರಿ, ಆಮೇಲೆ ಬಿಎಡ್ ಅನ್ನುವ ಪದ್ಧತಿ ಬಿಟ್ಟು, ವಿಷಯವನ್ನೂ ಪಾಠ ಮಾಡುವ ಕ್ರಮವನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವುದು. ಕೊನೆಗೆ ವಾರಗಟ್ಟಲೆ ಒಂದು ಶಾಲೆಯಲ್ಲೇ ಇದ್ದು ಅಲ್ಲಿನ ಶಿಕ್ಷಕರಂತೆ ಎಲ್ಲ ಕೆಲಸ ಮಾಡುವುದು. ಇಂದು ರಾಷ್ಟ್ರೀಯ ಶಿಕ್ಷಣ ನೀತಿಯವರು ನಾಲ್ಕು ವರ್ಷದ ಸಮಗ್ರ ಕೋರ್ಸು ಎಂದು ದೇಶಕ್ಕೆಲ್ಲ ತರುತ್ತಿರುವುದನ್ನು ಮಾನಸಗಂಗೋತ್ರಿಯ ಪಕ್ಕದ ಈ ಆವರಣದಲ್ಲಿ ಅರವತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದರು. ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರ ಮಗಳಾದ ನಾನು ಹೈಸ್ಕೂಲು ವಿಜ್ಞಾನದ ಮೇಡಂ ಆದದ್ದು ಆ ವ್ಯವಸ್ಥೆಯಿಂದ.

ಅಮೆರಿಕ ಅಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದುದು ಅಲ್ಲಿಯ ಕೇರ್ ಎಂಬ ನೆರವಿನ ಸಂಸ್ಥೆಯಿಂದ ಶಾಲೆಗೆ ಬರುತ್ತಿದ್ದ ಉಪ್ಪಿಟ್ಟು ಮತ್ತು ಹಾಲಿನ ಪುಡಿ. ಹಸಿದ ಹೊಟ್ಟೆಗೆ ಅದು ರುಚಿಯಾಗಿಯೇ ಇತ್ತು. ಎರಡನೇ ವರ್ಷದಲ್ಲಿ ಭೌತಶಾಸ್ತ್ರದ ಮೇಷ್ಟರು ಚೀಟಿ ಬರೆದುಕೊಟ್ಟು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಕಳಿಸಿದರು. ಅಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕದ ರಟ್ಟಿನ ಒಳಬದಿಗೆ, ಇದು ಗೋಧಿ ಸಾಲದ ಶೈಕ್ಷಣಿಕ ವಿನಿಮಯದಡಿ ಬಂದದ್ದು ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಚೀಟಿ ಅಂಟಿಸಿತ್ತು. ಅಂಚು ಕಂದಿತ್ತು, ಒಂದು ಮೂಲೆಯನ್ನು ಹುಳ ತಿಂದಿತ್ತು. ಗೋಧಿಗೂ ಭೌತಶಾಸ್ತ್ರಕ್ಕೂ ಏನು ಸಂಬಂಧವೆಂದು ಮೇಷ್ಟರನ್ನೇ ಕೇಳಿದೆ. ಅವರು ಬೋರ್ಡಿನ ಮೇಲೆ ಲೆಕ್ಕ ಬರೆದು ವಿವರಿಸಿದರು. 1951ರಲ್ಲಿ ನಮ್ಮಲ್ಲಿ ಧಾನ್ಯದ ಕೊರತೆ ಬಿದ್ದಾಗ ಅಮೆರಿಕ ಗೋಧಿ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಟ್ಟಿತು. ನಾವು ಕಟ್ಟಬೇಕಾದ ಬಡ್ಡಿಯಲ್ಲಿ 50 ಲಕ್ಷ ಡಾಲರಿನಷ್ಟನ್ನು ಪುಸ್ತಕ, ಪ್ರಯೋಗಾಲಯದ ಸಾಮಾನು, ಅಧ್ಯಾಪಕರ ಹೋಗಿಬರುವಿಕೆಗೆಂದೇ ತೆಗೆದಿರಿಸಿದರು. ಬಡ್ಡಿ ಅಂದರೆ ಹೊಲ ಅಡವಿಡುವುದು ಎಂದು ಮನೆಯಲ್ಲಿ ಕಂಡಿದ್ದವಳಿಗೆ ಆ ಲೆಕ್ಕ ಇವತ್ತಿಗೂ ಸೋಜಿಗ.

ಆ ಸಾಲದ ಹಿಂದೆ ಬರೀ ಕರುಣೆ ಇತ್ತು ಎಂದು ನಾನು ನಂಬುವುದಿಲ್ಲ. ಶೀತಲ ಸಮರದ ಕಾಲ. ಅವರಿಗೆ ಅವರ ಲೆಕ್ಕಾಚಾರಗಳಿದ್ದವು, ನಮಗೆ ನಮ್ಮವು. ಆ ಎರಡು ಲೆಕ್ಕಾಚಾರಗಳು ಎದುರುಬದುರಾದ ದಿನಗಳನ್ನು ಹಾಸ್ಟೆಲಿನಲ್ಲಿ ಕೂತು ನೋಡಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1971. ನಾವು ಮೂರನೇ ವರ್ಷದಲ್ಲಿದ್ದೆವು. ಪಿಎಚ್‌ಡಿ ಕೆಲಸಕ್ಕೆಂದು ಬಂದಿದ್ದ ಅಮೆರಿಕದ ಹೆಣ್ಣುಮಗಳೊಬ್ಬರು ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಮಂಡ್ಯ ಸೀಮೆಯ ಸೋಬಾನೆ ಪದಗಳನ್ನು ಬರೆದುಕೊಳ್ಳುವುದು ಅವರ ಕೆಲಸ. ಶನಿವಾರ ಮಧ್ಯಾಹ್ನ ಕನ್ನಡ ಮಾತಾಡಲೆಂದೇ ನಮ್ಮ ಹಾಸ್ಟೆಲಿಗೆ ಬರುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಒಮ್ಮೆ ನಮ್ಮೂರಿಗೂ ಬಂದು, ನಮ್ಮಜ್ಜಿಯ ಪಕ್ಕ ಚಾಪೆಯ ಮೇಲೆ ಕೂತು, ಹಸೆ ಪದವನ್ನು ಸಾಲು ಸಾಲಾಗಿ ಕೇಳಿ ಬರೆದುಕೊಂಡಿದ್ದರು. ‘ಬಿರ್‌ಬಿರ್‌ನೆ ಬರ್ಕೊ ಮಗ, ಹಾಡು ನಿಂತ್ರೆ ಮುಂದಿಂದು ಮರ್ತೋಯ್ತದೆ’ ಎಂದು ಅಜ್ಜಿ ಗದರಿಸಿದ್ದೂ ಅವರ ನೋಟ್‌ಬುಕ್ಕಿನಲ್ಲಿ ಸೇರಿತು.

ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಸಂಜೆ ರೇಡಿಯೋ ಸುತ್ತ ಇಡೀ ಹಾಸ್ಟೆಲು ಸೇರುತ್ತಿತ್ತು. ಅಮೆರಿಕದ ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಯತ್ತ ಹೊರಟಿದೆ ಎಂಬ ಸುದ್ದಿ ಬಂದಾಗ ಹುಡುಗಿಯರಲ್ಲಿ ಸಿಟ್ಟು, ಭಯ ಎರಡೂ. ಕೊಡಗಿನ ಸೀನಿಯರ್ ಒಬ್ಬರ ಅಣ್ಣ ಪೂರ್ವದ ಗಡಿಯಲ್ಲಿ ಸೈನ್ಯದಲ್ಲಿದ್ದರು. ಆ ಶನಿವಾರವೂ ಅಮೆರಿಕದ ಅಕ್ಕ ಎಂದಿನಂತೆ ಬಂದರು. ಒಳಗೆ ಬಿಡಬಾರದು ಎಂದು ಕೆಲವರು ಮೆಟ್ಟಿಲ ಮೇಲೆ ನಿಂತೇಬಿಟ್ಟರು. ಸೀನಿಯರ್ ನೇರವಾಗಿ ಕೇಳಿದರು: ‘ನಿಮ್ಮ ಹಡಗು ನಮ್ಮಣ್ಣನ ಮೇಲೆ ಬರ್ತಾ ಇದೆ. ನೀವು ಇಲ್ಲಿ ಹಾಡು ಬರ್ಕೊಳ್ಳೋಕೆ ಬಂದಿದ್ದೀರಾ?’

ಅವರು ಅಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಬಗಲಚೀಲದಿಂದ ಒಂದು ತೆಳು ಹಾಳೆ ತೆಗೆದುಕೊಟ್ಟರು. ತಮ್ಮ ರಾಜ್ಯದ ಸೆನೆಟರಿಗೆ ಬರೆದ ಪತ್ರದ ಕಾರ್ಬನ್ ಪ್ರತಿ. ನಿಕ್ಸನ್ ಸರ್ಕಾರ ಮಾಡುತ್ತಿರುವುದು ತಪ್ಪು, ಪೂರ್ವ ಪಾಕಿಸ್ತಾನದಿಂದ ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದಿರುವಾಗ ಪಾಕಿಸ್ತಾನದ ಸೇನಾ ಸರ್ಕಾರದ ಬೆನ್ನಿಗೆ ನಿಲ್ಲುವುದು ನಮ್ಮ ದೇಶಕ್ಕೆ ನಾಚಿಕೆಗೇಡು ಎಂದು ಟೈಪ್ ಮಾಡಿದ್ದರು. ಸೀನಿಯರ್ ನಿಂತಲ್ಲೇ ಪೂರ್ತಿ ಓದಿದರು. ಹಾಳೆ ಕೈಯಿಂದ ಕೈಗೆ ದಾಟಿ ಎಲ್ಲರೂ ಓದಿದೆವು. ಒಬ್ಬಳು ಕೇಳಿದಳು, ‘ಹಿಂಗೆ ಬರೆದರೆ ನಿಮ್ಮ ಸ್ಕಾಲರ್‌ಶಿಪ್ ನಿಲ್ಸಲ್ವಾ?’ ‘ನಿಲ್ಸೋಕಾಗಲ್ಲ. ಅದು ನನ್ನ ಹಕ್ಕು’ ಎಂದರು ಅವರು, ಕನ್ನಡದಲ್ಲಿ. ಸೀನಿಯರ್ ಪತ್ರ ಮಡಿಸಿ ವಾಪಸು ಕೊಟ್ಟು, ‘ಬನ್ನಿ, ಕಾಫಿ ಕುಡೀರಿ’ ಎಂದರು.

ಅದೇ ವರ್ಷ ಏಪ್ರಿಲ್‌ನಲ್ಲಿ ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ತಮ್ಮ ಸರ್ಕಾರದ ನೀತಿಯನ್ನು ಒಪ್ಪುವುದಿಲ್ಲ ಎಂದು ವಾಷಿಂಗ್ಟನ್ನಿಗೆ ತಂತಿ ಕಳಿಸಿದ್ದರು ಎಂಬುದನ್ನು, ಆಗಸ್ಟಿನಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ನಿರಾಶ್ರಿತರ ಶಿಬಿರಗಳಿಗೆ ಬಂದು ನೋಡಿ ಹೋಗಿ ತಮ್ಮ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಓದಿದಾಗಲೆಲ್ಲ ಹಾಸ್ಟೆಲಿನ ಮೆಟ್ಟಿಲು ನೆನಪಾಗುತ್ತಿತ್ತು. ಎರಡು ಸರ್ಕಾರಗಳು ಮುನಿಸಿಕೊಂಡಿದ್ದರೂ, ತನ್ನ ಸರ್ಕಾರ ತಪ್ಪು ಮಾಡುತ್ತಿದೆ ಎಂದು ಹೆದರದೆ ಹೇಳುವವರು ಎರಡೂ ಕಡೆ ಇದ್ದರೆ ಸಂಬಂಧ ಪೂರ್ತಿ ಕಡಿದುಹೋಗುವುದಿಲ್ಲ. ರಾಜತಾಂತ್ರಿಕತೆಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಮತ್ತು ಇದನ್ನು ನಾನು ಬಲವಾಗಿ ನಂಬುತ್ತೇನೆ.

ಮುಂದೆ ಮಂಡ್ಯದ ಹೈಸ್ಕೂಲುಗಳಲ್ಲಿ ಕೆಲಸ. 1996ರಲ್ಲಿ ಶಿಕ್ಷಕರ ವಿನಿಮಯ ಕಾರ್ಯಕ್ರಮವೊಂದರಲ್ಲಿ ಆಯ್ಕೆಯಾಗಿ ಓಹಿಯೋದ ಒಂದು ಸಣ್ಣ ಊರಿನ ಶಾಲೆಗೆ ಹೋದೆ. ಅಲ್ಲಿಯ ಶಿಕ್ಷಕಿ ನಮ್ಮ ಶಾಲೆಗೆ ಬಂದರು. ಕಾಲೇಜಿನ ಪಠ್ಯಕ್ರಮ ಬಂದ ರಾಜ್ಯಕ್ಕೇ ನಾನು ಪಾಠ ಹೇಳಲು ಹೋದದ್ದು ಯೋಗಾಯೋಗ.

ಆ ವರ್ಷ ಏಪ್ರಿಲ್–ಮೇನಲ್ಲಿ ನಮ್ಮಲ್ಲಿ ಲೋಕಸಭಾ ಚುನಾವಣೆ ನಡೆದಿತ್ತು. ಎಲ್ಲ ಮೇಷ್ಟರು ಮೇಡಂಗಳಂತೆ ನನಗೂ ಡ್ಯೂಟಿ. ಆಗಸ್ಟಿನ ಕೊನೆಗೆ ಓಹಿಯೋದ ತರಗತಿಯಲ್ಲಿ ನಿಂತಾಗ ಎಡಗೈ ತೋರುಬೆರಳಿನ ಉಗುರಿನ ತುದಿಯಲ್ಲಿ ಕಪ್ಪು ಗೆರೆ ಇನ್ನೂ ಉಳಿದಿತ್ತು. ಮುಂದಿನ ಬೆಂಚಿನ ಹುಡುಗ, ಬೆರಳಿಗೆ ಏಟಾಗಿದೆಯೇ ಎಂದು ಕೇಳಿದ. ಅವತ್ತಿನ ರಸಾಯನಶಾಸ್ತ್ರದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಚರ್ಮಕ್ಕೆ ಹಿಡಿಯುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಉಗುರು ಬೆಳೆದು ಕತ್ತರಿಸಿದ ಮೇಲಷ್ಟೇ ಹೋಗುತ್ತದೆ. 1962ರ ಮಹಾಚುನಾವಣೆಯಿಂದ ಆ ಶಾಯಿಯನ್ನು ಮಾಡುತ್ತಿರುವುದು ನಾನು ಓದಿದ ಊರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ; ಬೇರೆ ಎಷ್ಟೋ ದೇಶಗಳ ಚುನಾವಣೆಗೂ ಅದು ಹೋಗುತ್ತದೆ ಎಂದೆ. ರಾಜ ಕಟ್ಟಿಸಿದ ಕಾರ್ಖಾನೆಯಲ್ಲಿ ಪ್ರಜೆಗಳ ಓಟಿಗೆ ಶಾಯಿ ತಯಾರಾಗುತ್ತದೆ ಎಂಬುದು ಆ ಮಕ್ಕಳಿಗೆ ಬಹಳ ಹಿಡಿಸಿತು.

ನವೆಂಬರಿನಲ್ಲಿ ಅವರ ಅಧ್ಯಕ್ಷೀಯ ಚುನಾವಣೆ. ಸಹೋದ್ಯೋಗಿಯೊಬ್ಬರು ತಮ್ಮ ಮತಗಟ್ಟೆಗೆ ಕರೆದುಕೊಂಡು ಹೋದರು. ಚರ್ಚಿನ ಹಾಲಿನಲ್ಲಿ ಮಡಿಸುವ ಮೇಜು ಹಾಕಿಕೊಂಡು ನಿವೃತ್ತರಾದ ಹಿರಿಯರು ಕೂತಿದ್ದರು. ಪಟ್ಟಿಯಲ್ಲಿ ಹೆಸರಿನ ಮುಂದೆ ಸಹಿ, ಆಮೇಲೆ ಕಾರ್ಡಿಗೆ ತೂತು ಹಾಕಿ ಪೆಟ್ಟಿಗೆಗೆ ಹಾಕುವುದು. ಪೊಲೀಸರು ಒಬ್ಬರೂ ಇಲ್ಲ. ಆ ವರ್ಷ ನಮ್ಮಲ್ಲಿ ಮತ ಹಾಕಿದವರು ಸುಮಾರು ಶೇ 58, ಅಮೆರಿಕದಲ್ಲಿ ಸುಮಾರು ಶೇ 49. ಅದನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳು ಬೇಸರ ಮಾಡಿಕೊಳ್ಳಲಿಲ್ಲ. ಯಾಕೆ ಹೀಗೆ ಎಂದು ತಮ್ಮತಮ್ಮಲ್ಲೇ ಚರ್ಚೆಗೆ ಬಿದ್ದರು. ಇತ್ತ ಮಂಡ್ಯದಲ್ಲಿ ಅವರ ಶಿಕ್ಷಕಿ, ಊರೂರು ತಿರುಗಿ ಓಟು ನಡೆಸುವುದೂ ನಮ್ಮ ಮೇಷ್ಟರ ಕೆಲಸ ಎಂದು ತಿಳಿದು ಬೆರಗಾಗಿದ್ದರಂತೆ. ಸಕ್ಕರೆ ಕಾರ್ಖಾನೆಗೆ ಕರೆದೊಯ್ದಾಗ, ಅದು ಶುರುವಾಗಲು ಕಾರಣರಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೆನಡಾದವರು ಎಂದು ಕೇಳಿ, ಓಹಿಯೋದ ಗಡಿಯಾಚೆಯವರು ಇಷ್ಟು ದೂರ ಬಂದಿದ್ದರೇ ಎಂದರಂತೆ.

ರಜೆಯಲ್ಲಿ ಷಿಕಾಗೊಗೆ ಹೋಗಿದ್ದೆ, ವಿಶ್ವವಿದ್ಯಾಲಯದ ಗ್ರಂಥಾಲಯ ನೋಡಲೆಂದೇ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟುವ ಮೊದಲು ಶಿಕ್ಷಣತಜ್ಞರಾದ ಸಿ.ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶದ ವಿಶ್ವವಿದ್ಯಾಲಯಗಳನ್ನು ಅಭ್ಯಾಸ ಮಾಡಿದ್ದರು; ಅದರಲ್ಲಿ ಷಿಕಾಗೊ ಕೂಡ ಒಂದು. ಮಹಾರಾಜ ಕಾಲೇಜಿನಲ್ಲಿ ಓದಿದ ಎ.ಕೆ. ರಾಮಾನುಜನ್ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ 1959ರಲ್ಲಿ ಅಮೆರಿಕದ ಇಂಡಿಯಾನಾಕ್ಕೆ ಹೋಗಿ, ಕನ್ನಡದ ವ್ಯಾಕರಣದ ಮೇಲೆ ಪಿಎಚ್‌ಡಿ ಬರೆದು, ಷಿಕಾಗೊದಲ್ಲಿ ಪಾಠ ಹೇಳುತ್ತ ವಚನಗಳನ್ನು ಲೋಕಕ್ಕೆ ಕೊಟ್ಟರು. ನಾನು ಹೋಗುವ ಹೊತ್ತಿಗೆ ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ಕಪಾಟುಗಳ ಸಾಲಿನಲ್ಲಿ ಕನ್ನಡ ಪುಸ್ತಕಗಳು ಗೋಡೆಯುದ್ದಕ್ಕೂ ಇದ್ದವು. ಮೈಸೂರಿನಲ್ಲಿ, ಧಾರವಾಡದಲ್ಲಿ ಅಚ್ಚಾದ ಕಾದಂಬರಿ, ನಾಟಕ, ಪುರಾಣ, ಊರಿನವರೇ ಮರೆತ ಸಣ್ಣ ಕವನ ಸಂಕಲನ. ಇವು ಅಲ್ಲಿಗೆ ಹೋದದ್ದೂ ಗೋಧಿಯಿಂದಲೇ. ಅಮೆರಿಕದ ಆಹಾರ ನೆರವಿನ ಪಿಎಲ್ 480 ಕಾಯ್ದೆಯಡಿ ಬಂದ ಧಾನ್ಯಕ್ಕೆ ನಾವು ರೂಪಾಯಿಯಲ್ಲಿ ಹಣ ಕಟ್ಟುತ್ತಿದ್ದೆವು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ದೆಹಲಿ ಕಚೇರಿ ಆ ರೂಪಾಯಿಯಲ್ಲೇ ನಮ್ಮ ಎಲ್ಲ ಭಾಷೆಗಳ ಪುಸ್ತಕ ಕೊಂಡು ಅವರ ವಿಶ್ವವಿದ್ಯಾಲಯಗಳಿಗೆ ಹಂಚಿತು.

ಅಲ್ಲಿ ನಿಂತಾಗ ಸಂತೋಷದ ಜೊತೆ ಒಂದು ಕೊರಗೂ ಹುಟ್ಟಿತು. ಅದು ಇವತ್ತಿಗೂ ಇದೆ. ಅವರು ನಮ್ಮ ಹಾಡು, ಹಳ್ಳಿ, ವ್ಯಾಕರಣ ಎಲ್ಲವನ್ನೂ ಕೂತು ಓದಿದರು. ನಾವು ಅವರನ್ನು ಹಾಗೆ ಓದಿದೆವೇ? ಹೈದರಾಬಾದಿನಲ್ಲಿ 1964ರಲ್ಲಿ ಅಮೆರಿಕನ್ ಅಧ್ಯಯನ ಕೇಂದ್ರ ತೆರೆಯಿತು. ನಮ್ಮವರು ಅಲ್ಲಿ ಅವರ ಸಾಹಿತ್ಯ ಓದಿದರು. ಆದರೆ ಓಹಿಯೋದ ಒಂದು ಊರಿನಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿಯ ಚರ್ಚು, ಶಾಲಾ ಮಂಡಳಿ, ಮುಚ್ಚಿದ ಕಾರ್ಖಾನೆಗಳ ಬಗ್ಗೆ ಕನ್ನಡದಲ್ಲಿ ಬರೆದವರು ಬೆರಳೆಣಿಕೆಯಷ್ಟಾದರೂ ಸಿಗುವುದು ಕಷ್ಟ. 2023–24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3.31 ಲಕ್ಷಕ್ಕೂ ಹೆಚ್ಚು. ಹೆಚ್ಚಿನವರು ಹೋಗುವುದು ಕಂಪ್ಯೂಟರ್, ಎಂಜಿನಿಯರಿಂಗ್, ಗಣಿತಕ್ಕೆ. ಹೋಗಲಿ, ತಪ್ಪೇನಿಲ್ಲ. ಅಲ್ಲಿಂದ ಇಲ್ಲಿಗೆ ಬರುವವರು ಮಾತ್ರ ತೀರಾ ಕಡಿಮೆ. ದಾರಿ ಎರಡೂ ಕಡೆಯಿಂದ ಸವೆಯಬೇಕು. 1950ರ ಫೆಬ್ರುವರಿಯಲ್ಲಿ ನೆಹರೂ ಮತ್ತು ರಾಯಭಾರಿ ಲಾಯ್ ಹೆಂಡರ್ಸನ್ ಸಹಿ ಹಾಕಿದ ಫುಲ್‌ಬ್ರೈಟ್ ಒಪ್ಪಂದಕ್ಕೆ ಬಹುಕಾಲ ಅಮೆರಿಕದ ದುಡ್ಡೇ ಆಧಾರವಾಗಿತ್ತು. 2008ರಲ್ಲಿ ಭಾರತವೂ ಸಮಪಾಲು ಹಾಕಲು ಒಪ್ಪಿ, ಹೆಸರು ಫುಲ್‌ಬ್ರೈಟ್–ನೆಹರೂ ಎಂದಾದಾಗ ನಾನು ಮನಸಾರೆ ಹಿಗ್ಗಿದೆ.

1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಬಾಂಬ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಓಹಿಯೋದ ಶಿಕ್ಷಕಿಯಿಂದ ಪತ್ರ ಬಂತು. ‘ನಮ್ಮ ತರಗತಿಯಲ್ಲಿ ಅರ್ಧ ಮಕ್ಕಳು ಭಾರತದ ಪರ, ಅರ್ಧ ಮಕ್ಕಳು ವಿರೋಧ. ನಿಮ್ಮಲ್ಲಿ ಹೇಗೆ?’ ನಮ್ಮ ಹತ್ತನೇ ತರಗತಿಯವರನ್ನು ಕೂರಿಸಿ ಕೇಳಿದೆ. ಪರ ಹೆಚ್ಚು, ಆದರೆ ವಿರೋಧವೂ ಇತ್ತು; ಇಬ್ಬರು ಹುಡುಗಿಯರು ಬಾಂಬು ಯಾರ ಕೈಲಿದ್ದರೂ ಬೇಡ ಎಂದು ಬರೆದುಕೊಟ್ಟರು. ಎಲ್ಲವನ್ನೂ ಹಾಗೇ ಲಕೋಟೆಗೆ ಹಾಕಿ ಮಂಡ್ಯದ ಹೆಡ್ ಪೋಸ್ಟ್ ಆಫೀಸಿನಿಂದ ಕಳಿಸಿದೆ.

ನಮ್ಮ ಕಾಲೇಜಿಗೆ, ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ, ನನ್ನದೊಂದು ಕೋರಿಕೆಯಿದೆ. ಹೊರದೇಶಕ್ಕೆ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಆ ಊರಿನ ಶಾಲೆ ಹೇಗೆ ನಡೆಯುತ್ತದೆ, ಮೇಷ್ಟರ ಸಂಬಳ ಯಾರು ಕೊಡುತ್ತಾರೆ, ಪಠ್ಯಪುಸ್ತಕ ಆರಿಸುವವರು ಯಾರು, ಓಟು ಹೇಗೆ ಹಾಕುತ್ತಾರೆ ಎಂದು ಕನ್ನಡದಲ್ಲಿ ಈ ಪತ್ರಿಕೆಗೆ ಬರೆಯಲಿ. ಇಲ್ಲಿಗೆ ಕನ್ನಡ ಕಲಿಯಲು ಬರುವ ಹೊರಗಿನ ವಿದ್ಯಾರ್ಥಿಗಳಿಗೂ ಎರಡು ಪುಟ ಮೀಸಲಿಡಿ. ಓಹಿಯೋದಿಂದ ತಂದ ನನ್ನ ಟಿಪ್ಪಣಿಗಳನ್ನು ಟೈಪ್ ಮಾಡಿಸಿ ಮುಂದಿನ ಸಂಚಿಕೆಗೆ ಕಳಿಸುತ್ತೇನೆ.