ಗಿರಾಕಿಯ ಫೋನಿನಲ್ಲಿ ನಮ್ಮ ಅಂಗಡಿಯ ಹೆಸರು

ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ನಮ್ಮಂಥ ಸಣ್ಣ ಅಂಗಡಿಯವರು ಫ್ಲೆಕ್ಸ್‌ಗೆ ಹಣ ಸುರಿಯುವ ಮೊದಲು, 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪನ್ನು ಸರಿಯಾಗಿ ಬಳಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳುಹಿಸುವ ಅದರ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದಾದರೂ, ನಮ್ಮ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆದ್ದರಿಂದ ಬಿಲ್ ಕೊಡುವಾಗಲೇ, “ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಹಲಸಿನ ಹಪ್ಪಳ ಬಂದ ದಿನ ತಿಳಿಸುತ್ತೇವೆ” ಎಂದು ವಿನಂತಿಸಿ ಅವರ ಒಪ್ಪಿಗೆ ಪಡೆಯಬೇಕು. ದಿನವೂ ಶುಭೋದಯದ ಚಿತ್ರ ಕಳುಹಿಸುವುದು ಗಿರಾಕಿಯ ಸಹನೆಗೆ ಮಾಡುವ ಅನ್ಯಾಯ. ಬೆಲೆ, ತೂಕ, ಎಷ್ಟು ದಿನ ಕೆಡದೆ ಇರುತ್ತದೆ ಎಂಬುದನ್ನು ಆ್ಯಪಿನ ಕ್ಯಾಟಲಾಗ್‌ನಲ್ಲಿ, ಅಂದರೆ ಸರಕುಗಳ ಪಟ್ಟಿಯಲ್ಲಿ, ಬರೆದಿಟ್ಟರೆ ಮುಂಬಯಿಯಲ್ಲಿರುವ ನಮ್ಮ ಊರಿನವರೂ ಕೇಳದೆಯೇ ತಿಳಿದುಕೊಳ್ಳುತ್ತಾರೆ. ಆದರೆ ದೂರು ಬಂದಾಗ ಸಂದೇಶವಷ್ಟೇ ಸಾಲದು, ಅಂದೇ ಕರೆ ಮಾಡಿ ಮಾತನಾಡಬೇಕು.